ಗೋಡೆಗೆ ಚಿತ್ರ ಬೇಕಾ? ಮೊದಲು ಬಾಡಿಗೆ ಕರಾರು

ನಾವು ಬೀದಿ ಗೋಡೆಗಳಿಗೆ ಚಿತ್ರ ಬರೆಯುವವರು. ಬಾಡಿಗೆ ಏರಿಸುವುದಿಲ್ಲ ಅಂತ ಓನರ್ ಬರೆದುಕೊಟ್ಟರೆ ಮಾತ್ರ ಗೋಡೆಗೆ ಚಿತ್ರ. ಇದನ್ನು ಶುರು ಮಾಡಿದಾಗ ನಕ್ಕವರೇ ಜಾಸ್ತಿ. 'ನೀವು ಬಿಟ್ಟರೆ ಇನ್ನೊಬ್ಬ ಬಂದು ಪುಕ್ಕಟೆ ಬರೀತಾನೆ' ಅಂದರು. ಈಗ 12-13 ಕಟ್ಟಡಗಳಿಗೆ ಕರಾರು ಆಗಿದೆ. ನಕ್ಕವರೇ ಅದರ ನಕಲು ಕೇಳಿಕೊಂಡು ಬರುತ್ತಿದ್ದಾರೆ.

ಹಳೇ ಬೀದಿಗೆ ಚಿತ್ರ ಬಂದರೆ ಹಿಂದೆಯೇ ಕೆಫೆ, ಅದರ ಹಿಂದೆ ಬಿಲ್ಡರ್, ಆಮೇಲೆ ಬಾಡಿಗೆ ಏರಿಕೆ. ನಿಮಗೆ ಗೊತ್ತಿರುವುದೇ ಅಲ್ವಾ. ಬರ್ಲಿನ್‌ನ ಕ್ರಾಯ್ಟ್ಸ್‌ಬೆರ್ಗ್ ಬಡಾವಣೆಯಲ್ಲಿ ಇಟಲಿಯ ಬೀದಿ ಕಲಾವಿದ ಬ್ಲೂ ಬರೆದ ಎರಡು ದೊಡ್ಡ ಚಿತ್ರಗಳಿಗೆ, ಬಿಲ್ಡರ್‌ಗೆ ಅದರ ಲಾಭ ಸಿಗಬಾರದು ಅಂತ, 2014ರಲ್ಲಿ ಅವನ ಒಪ್ಪಿಗೆಯಿಂದಲೇ ಕಪ್ಪು ಬಳಿದರು. ನ್ಯೂಯಾರ್ಕಿನಲ್ಲಿ ಗೋಡೆ ತುಂಬ ಕಲಾವಿದರ ಚಿತ್ರಗಳಿದ್ದ ಫೈವ್ ಪಾಯಿಂಟ್ಸ್ ಅನ್ನೋ ಕಟ್ಟಡಕ್ಕೆ 2013ರಲ್ಲಿ ಮಾಲೀಕನೇ ರಾತ್ರೋರಾತ್ರಿ ಬಿಳಿ ಬಳಿಸಿದ. 2018ರಲ್ಲಿ ಕೋರ್ಟು 21 ಕಲಾವಿದರಿಗೆ 67 ಲಕ್ಷ ಡಾಲರ್ ಕೊಡಬೇಕು ಅಂದಿತು. ಅಷ್ಟರಲ್ಲಿ ಕಟ್ಟಡವೇ ಇರಲಿಲ್ಲ. ಎರಡು ಕಡೆಯೂ ಆಟ ಶುರುವಾಗಿದ್ದು ಚಿತ್ರ ಮುಗಿದ ಮೇಲೆ. ಬ್ರಶ್ಶು ಅದ್ದುವ ಮೊದಲೇ ಚೌಕಾಸಿ ಮಾಡಬೇಕು ಅನ್ನೋದು ನನ್ನ ಲೆಕ್ಕ.

ಈ ಕರಾರಿಗೂ ಮುಂಚೆ ಏನೇನೋ ಮಾಡಿ ಸೋತಿದ್ದೆವು. ಯಾವ ಮನೆಯ ಬಾಡಿಗೆ ಎಷ್ಟು ಏರಿತು ಅಂತ ಶಟರ್‌ಗಳ ಮೇಲೆ ಪೋಸ್ಟರ್ ಅಂಟಿಸಿದರೆ ಬೆಳಗಾಗುವುದರೊಳಗೆ ಮಾಯ. ಪ್ರದರ್ಶನ ಇಟ್ಟೆವು. ನೋಡಲು ಬಂದವರು 'ಇಲ್ಲಿ ಮನೆ ಖಾಲಿ ಇದೆಯಾ?' ಅಂತ ಕೇಳಿ ಹೋದರು! ಸಹಿ ಸಂಗ್ರಹದ ಕಥೆ ಬಿಡಿ.

ಕೊನೆಗೆ ದಾರಿಯಾಗಿದ್ದು ದುಡ್ಡಿನಿಂದ. ಪುಕ್ಕಟೆ ಬರೆಯೋಕೆ ಬರುವವನು ಹೊಸ ಹುಡುಗನೇ. ಅವನಿಗೆ ಹೆಸರು ಬೇಕು, ಊಟಕ್ಕೂ ಆಗಬೇಕು. ಹಾಗಾಗಿ ಬೇರೆ ಕಡೆ ಸಿಗುವ ಕೂಲಿಯಲ್ಲಿ ನಾವೆಲ್ಲ ಸುಮಾರು ಹತ್ತನೇ ಒಂದು ಪಾಲು ಒಂದು ಡಬ್ಬಿಗೆ ಹಾಕಿದೆವು. ಕರಾರಿಲ್ಲದ ಗೋಡೆ ಬೇಡ ಅಂದವರಿಗೆ ಅದರಿಂದ ಅರ್ಧ ಕೂಲಿ. ಮೊದಲ ವರ್ಷ ಡಬ್ಬಿ ಎರಡು ಸಲ ಬರಿದಾಯಿತು. ಬಣ್ಣಕ್ಕಿಂತ ವಕೀಲರಿಗೇ ಜಾಸ್ತಿ ಹೋಯಿತು. ಆದರೂ ಎಲ್ಲರೂ ಒಟ್ಟಿಗೆ ಒಲ್ಲೆ ಅಂದಾಗ ಓನರ್‌ಗಳು ತಾವಾಗಿ ಬಂದರು.

ಕರಾರು ಒಂದೇ ಹಾಳೆ. ಮೇಲಿನ ಮನೆಗಳ ಬಾಡಿಗೆ 3 ವರ್ಷ ಏರಿಸುವಂತಿಲ್ಲ. ಏರಿಸಿದರೆ ಚಿತ್ರವನ್ನು ನಾವೇ ಅಳಿಸುತ್ತೇವೆ, ತಡೆಯುವಂತಿಲ್ಲ. ಇನ್ನೊಂದು ಸಾಲಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಓನರ್‌ಗಳೂ ಓದುತ್ತಾರೆ. ಎರಡನೇ ವರ್ಷ ಒಬ್ಬ ಬಾಡಿಗೆ ಏರಿಸಿದ. ಸುಣ್ಣದ ಬಕೆಟ್ ಹಿಡಿದು ಏಣಿ ಹಾಕಿದೆವು. ಬಾಡಿಗೆದಾರರೇ ಏಣಿ ಹಿಡಿದು ನಿಂತರು. ಮೂಲೆಯ ಒಂದು ಹಕ್ಕಿ ಬೆಳ್ಳಗಾಗುವಷ್ಟರಲ್ಲಿ ಮನುಷ್ಯ ಕೆಳಗಿಳಿದು ಬಂದು ಹಳೇ ಬಾಡಿಗೆಗೇ ಒಪ್ಪಿದ.

ಈ ನಡುವೆ ಸುಮ್ನೆ ಒಂದು ಪ್ರಯೋಗವೂ ನಡೆದಿದೆ. ಸುಣ್ಣಕ್ಕೆ ಪುಡಿಬಣ್ಣ ಕಲಸಿ, ಗೋಂದು ಕಡಿಮೆ ಹಾಕಿದರೆ ಚಿತ್ರ ತಾನಾಗಿಯೇ ಮಾಸುತ್ತದೆ. ಮೂರು ವರ್ಷಕ್ಕೆ ಸರಿಯಾಗಿ ಮಾಸುವ ಹಾಗೆ ಅಳತೆ ಹುಡುಕುತ್ತಿದ್ದೇನೆ. ಒಂದು ಗೋಡೆ ಮೊದಲ ಮಳೆಗೇ ತೊಳೆದುಹೋಯಿತು, ಇನ್ನೊಂದು ಉಜ್ಜಿದರೂ ಹೋಗುತ್ತಿಲ್ಲ. ಈಗ ಹತ್ತಿರ ಹತ್ತಿರ ಬಂದಿದ್ದೇನೆ, ಅಳತೆ ಕೇಳಬೇಡಿ. ಮೊದಲ ಕರಾರುಗಳು ಈ ವರ್ಷ ಮುಗಿಯುತ್ತವೆ. ಈ ಸಲ ಕೇಳುವುದು 5 ವರ್ಷ.