ನಕಲಿಗೆ ಸಿಗದ ಗುರುತಿನ ಚೀಟಿ: ಬಣ್ಣವನ್ನೂ ಲೇಸರನ್ನೂ ನಾವು ಜೋಡಿಸಿದ ಬಗೆ

ಜೇಬಿನಲ್ಲಿ 500 ರೂಪಾಯಿ ನೋಟಿದ್ದರೆ ತೆಗೆದು ನೋಡಿ. ಅದರಲ್ಲಿರುವ ದಾರ ನೇರವಾಗಿ ನೋಡಿದರೆ ಹಸಿರು, ನೋಟನ್ನು ಸ್ವಲ್ಪ ವಾಲಿಸಿದರೆ ನೀಲಿ. ಜೆರಾಕ್ಸ್ ಮೆಷಿನ್ನಿಗೆ ಇದು ಸಿಗುವುದಿಲ್ಲ, ಯಾಕಂದ್ರೆ ಅದು ನೋಡುವುದು ಒಂದೇ ಕೋನದಿಂದ. ನಾನು ಕಾರ್ಡ್ ತಯಾರಿಸುವ ಕಾರ್ಖಾನೆಯೊಂದರ ಪರ್ಸನಲೈಸೇಷನ್ ವಿಭಾಗದಲ್ಲಿದ್ದೇನೆ. ಅಂದ್ರೆ ಖಾಲಿ ಕಾರ್ಡಿನ ಮೇಲೆ ಒಬ್ಬೊಬ್ಬರ ಫೋಟೊ, ಹೆಸರು, ಹುಟ್ಟಿದ ದಿನ ಮೂಡಿಸುವ ಕೆಲಸ. ನೋಟಿನ ಈ ಗುಣವನ್ನು ಬಣ್ಣ ಬದಲಾಯಿಸುವ ಇಂಕಿನ ಮೂಲಕ ಗುರುತಿನ ಚೀಟಿಗೆ ತರುವ ಜವಾಬ್ದಾರಿ ನಮ್ಮ ತಂಡಕ್ಕೆ ಬಂದಾಗ ಏನು ಮಾಡಿದೆವು, ಯಾಕೆ ಹಾಗೆ ಮಾಡಿದೆವು ಅನ್ನೋದನ್ನ ಬರೆಯುತ್ತಿದ್ದೇನೆ.

ಮೊದಲು ಒಂದು ವ್ಯತ್ಯಾಸ ಹೇಳಬೇಕು. 500ರ ನೋಟುಗಳೆಲ್ಲ ನಂಬರ್ ಬಿಟ್ಟರೆ ಒಂದೇ ಥರ. ಗುರುತಿನ ಚೀಟಿ ಹಾಗಲ್ಲ, ಪ್ರತಿಯೊಂದೂ ಬೇರೆ. ಹಾಗಾಗಿ ಮೋಸ ಮಾಡುವವನು ಬಣ್ಣ ಬದಲಾಯಿಸುವ ಇಂಕನ್ನು ತಾನೇ ತಯಾರಿಸುವ ಗೋಜಿಗೆ ಹೋಗಬೇಕಿಲ್ಲ. ಕಳೆದುಹೋದ ಒಂದು ಅಸಲಿ ಕಾರ್ಡ್ ಸಿಕ್ಕಿದರೆ ಸಾಕು, ಇಂಕನ್ನು ಹಾಗೇ ಬಿಟ್ಟು ಮನುಷ್ಯನನ್ನು ಮಾತ್ರ ಬದಲಾಯಿಸುತ್ತಾನೆ. ಒಂದು ಮೂಲೆಯಲ್ಲಿ ಹೊಳೆಯುವ ಚಿತ್ರ, ಇನ್ನೊಂದು ಮೂಲೆಯಲ್ಲಿ ಫೋಟೊ, ಎರಡಕ್ಕೂ ಸಂಬಂಧವೇ ಇಲ್ಲ ಅಂದ್ರೆ ಆ ಚಿತ್ರ ಸುಮ್ನೆ ಅಲಂಕಾರ ಅಷ್ಟೇ. ನಮ್ಮ ಇಡೀ ವಿನ್ಯಾಸ ನಿಂತಿದ್ದು ಈ ಒಂದು ಮಾತಿನ ಮೇಲೆ: ಬಣ್ಣದೊಳಗೇ ಆ ವ್ಯಕ್ತಿ ಇರಬೇಕು.

ಇಂಕಿನ ಕತೆ ಚಿಕ್ಕದಾಗಿ ಹೇಳುತ್ತೇನೆ. ಇದರಲ್ಲಿ ಮಾಮೂಲಿ ಬಣ್ಣದ ಪುಡಿ ಇರುವುದಿಲ್ಲ, ತೀರಾ ತೆಳುವಾದ ಚಕ್ಕೆಗಳಿರುತ್ತವೆ. ಒಂದೊಂದು ಚಕ್ಕೆಯಲ್ಲೂ ನಡುವೆ ಅಲ್ಯೂಮಿನಿಯಂ, ಅದರ ಎರಡೂ ಕಡೆ ಮೆಗ್ನೀಷಿಯಂ ಫ್ಲೋರೈಡ್, ಹೊರಗಡೆ ಬೆಳಕು ಒಳಗೆ ಹೋಗುವಷ್ಟು ತೆಳುವಾದ ಕ್ರೋಮಿಯಂ. ಮಳೆ ನೀರಿನ ಮೇಲೆ ತೇಲುವ ಪೆಟ್ರೋಲ್ ಬಣ್ಣ ಬಣ್ಣವಾಗಿ ಕಾಣುತ್ತದಲ್ವಾ, ಇಲ್ಲಿ ನಡೆಯುವುದೂ ಅದೇ. ಮೇಲಿನ ಪದರದಿಂದ ಮರಳುವ ಬೆಳಕೂ ಒಳಗಿನಿಂದ ಮರಳುವ ಬೆಳಕೂ ಸೇರಿ ಒಂದು ಬಣ್ಣ ಗಟ್ಟಿಯಾಗುತ್ತದೆ, ಉಳಿದವು ಸಾಯುತ್ತವೆ. ವಾಲಿಸಿದರೆ ಬಣ್ಣ ಯಾವಾಗಲೂ ನೀಲಿಯ ಕಡೆಗೇ ಸರಿಯುತ್ತದೆ. ಚಕ್ಕೆಗಳು ಚಪ್ಪಟೆಯಾಗಿ ಮಲಗಿದರೆ ಮಾತ್ರ ಇದು ಚೆನ್ನಾಗಿ ಕಾಣುವುದು, ಅದಕ್ಕೇ ಇಂಕು ದಪ್ಪಗೆ ಕೂರುವ ಸ್ಕ್ರೀನ್ ಪ್ರಿಂಟಿಂಗ್ ಬೇಕು. ಇಂಥ ಇಂಕು ನೋಟಿನ ಮೇಲೆ ಮೊದಲು ಬಂದಿದ್ದು 1987ರಲ್ಲಿ, ಥಾಯ್ಲೆಂಡಿನ 60 ಬಾತ್‌ನ ಒಂದು ಸ್ಮರಣಾರ್ಥ ನೋಟಿನಲ್ಲಿ.

ಇನ್ನು ಕಾರ್ಡು. ಪಿವಿಸಿ ಕಾರ್ಡಿನಲ್ಲಿ ಫೋಟೊ ಮೇಲ್ಮೈ ಮೇಲೆ ಕೂರುತ್ತದೆ, ಅದರ ಮೇಲೊಂದು ಫಿಲ್ಮ್. ಎಬ್ಬಿಸುವವನಿಗೆ ಅದು ಕಷ್ಟವಲ್ಲ. ನಾವು ಆರಿಸಿದ್ದು ಪಾಲಿಕಾರ್ಬೊನೇಟ್ ಅನ್ನೋ ಗಟ್ಟಿ ಪ್ಲಾಸ್ಟಿಕ್. ಪಾಸ್‌ಪೋರ್ಟಿನ ಮಾಹಿತಿ ಪುಟಕ್ಕೆ ಫಿನ್‌ಲೆಂಡ್ 1997ರಲ್ಲೇ ಇದನ್ನು ತಂದಿತ್ತು. ತೆಳು ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಬಿಸಿ, ಒತ್ತಡ ಕೊಟ್ಟರೆ ಅಂಟೇ ಇಲ್ಲದೆ ಒಂದೇ ಗಟ್ಟಿ ತುಂಡಾಗುತ್ತದೆ, ಆಮೇಲೆ ಪದರ ಬಿಡಿಸಲು ಹೋದರೆ ಕಾರ್ಡೇ ಹಾಳಾಗುತ್ತದೆ. ಒಳಗಿನ ಒಂದು ಹಾಳೆ ಲೇಸರ್ ಬೆಳಕನ್ನು ಹೀರುವಂಥದ್ದು. 1064 ನ್ಯಾನೊಮೀಟರ್ ತರಂಗಾಂತರದ ಲೇಸರ್, ಮೇಲಿನ ಪಾರದರ್ಶಕ ಪದರವನ್ನು ಮುಟ್ಟದೆ ದಾಟಿ, ಒಳಗಿನ ಆ ಹಾಳೆಯನ್ನು ಸುಟ್ಟು ಕಪ್ಪಾಗಿಸುತ್ತದೆ. ಇಲ್ಲಿ ಫೋಟೊ ಅಂದ್ರೆ ಇಂಕಲ್ಲ, ಪ್ಲಾಸ್ಟಿಕ್ಕೇ ಇದ್ದಿಲಾಗಿರುವುದು. ಕೆರೆದು ತೆಗೆಯಲು ಮೇಲೆ ಏನೂ ಇಲ್ಲ.

ಆದರೆ ಲೇಸರಿಗೂ ಒಂದು ದುರ್ಬಲ ಜಾಗ ಇದೆ. ಕಪ್ಪನ್ನು ಅಳಿಸಲಾಗದು, ಹೆಚ್ಚಿಸಬಹುದು. ಇನ್ನೊಂದು ಲೇಸರ್ ಇದ್ದವನು ಮುಖಕ್ಕೆ ಗಡ್ಡ ಸೇರಿಸಬಹುದು, 3 ಅನ್ನು 8 ಮಾಡಬಹುದು. ಇಲ್ಲೇ ಇಂಕು ನಮಗೆ ನೆರವಾಗಿದ್ದು. ಬಣ್ಣ ಬದಲಾಯಿಸುವ ಪಟ್ಟಿಯನ್ನು ಫೋಟೊದ ಅಂಚಿಗೆ ತಾಗಿಸಿ ಮುದ್ರಿಸಿದೆವು. ಆಮೇಲೆ ಅದೇ ಲೇಸರಿನಿಂದ ಆ ಪಟ್ಟಿಯ ಮೇಲೂ ಸಣ್ಣ ಗೆರೆಗಳಲ್ಲಿ ಹುಟ್ಟಿದ ವರ್ಷ ಬರೆದೆವು. ಲೇಸರ್ ಬಿದ್ದ ಕಡೆ ಚಕ್ಕೆಗಳು ಸುಟ್ಟು ಹೊಳಪು ಹೋಗುತ್ತದೆ, ವಾಲಿಸಿದಾಗ ಸುತ್ತಲಿನ ಬಣ್ಣ ಬದಲಾಗುತ್ತದೆ, ಅಂಕಿ ಮಾತ್ರ ಬದಲಾಗದೆ ನಿಲ್ಲುತ್ತದೆ. ಕಾರ್ಡ್ ಮಾಲೀಕನ ತಲೆಕೂದಲಿನ ಗೆರೆಗಳೂ ಫೋಟೊದಿಂದ ಪಟ್ಟಿಯೊಳಕ್ಕೆ ಹರಿಯುತ್ತವೆ. ಇನ್ನು ಇಂಕನ್ನೂ ಮುಖವನ್ನೂ ಬೇರೆ ಮಾಡುವುದು ಹೇಗೆ?

ಹೇಳುವಷ್ಟು ಸಲೀಸಾಗಿ ಆಗಲಿಲ್ಲ. ಇಂಕು ಇದ್ದ ಕಡೆ ಪಾಲಿಕಾರ್ಬೊನೇಟ್ ಪಾಲಿಕಾರ್ಬೊನೇಟಿಗೆ ಬೆಸೆಯುವುದಿಲ್ಲ. ದೊಡ್ಡ ಪಟ್ಟಿ ಹಾಕಿದರೆ ಬಗ್ಗಿಸಿ ನೋಡುವ ಪರೀಕ್ಷೆಯಲ್ಲಿ ಅಲ್ಲಿಂದಲೇ ಸಿಪ್ಪೆ ಏಳುತ್ತದೆ, ಭದ್ರತೆಗೆ ಅಂತ ಹಾಕಿದ್ದೇ ಕಾರ್ಡ್ ಬಿಡಿಸುವ ಬಾಗಿಲಾಗುತ್ತದೆ. ಅದಕ್ಕೆ ಪಟ್ಟಿಯನ್ನು ತುಂಬು ಬಣ್ಣದಲ್ಲಿ ಹಾಕದೆ ಬಳ್ಳಿ ವಿನ್ಯಾಸ ಮಾಡಿ, ನಡುನಡುವೆ ಕಿಂಡಿ ಬಿಟ್ಟೆವು. ಆ ಕಿಂಡಿಗಳಲ್ಲಿ ಪದರಗಳು ಬೆಸೆದುಕೊಂಡವು. ಲೇಸರ್ ಶಕ್ತಿಯೂ ಇಲ್ಲಿ ಬೇರೆಯೇ ಬೇಕು. ಲೋಹದ ಚಕ್ಕೆ ಬೇಗ ಕಾಯುತ್ತದೆ, ಫೋಟೊಗೆ ಕೊಡುವಷ್ಟೇ ಶಕ್ತಿ ಕೊಟ್ಟರೆ ಅಂಕಿಯ ಸುತ್ತ ಮಸಿ ಹರಡುತ್ತದೆ.

ನನಗೆ ಜಾಸ್ತಿ ಮುಖ್ಯ ಅನಿಸಿದ ಕೆಲಸ ಇನ್ನೊಂದಿದೆ. ಲೇಸರ್ ಮೆಷಿನ್ನಿನ ಜತೆ ಬಂದ ಸೆಟ್ಟಿಂಗಿನಲ್ಲಿ ತಿಳಿ ಬಣ್ಣದ ಮುಖಗಳು ಚೆನ್ನಾಗಿ ಮೂಡುತ್ತಿದ್ದವು. ನಮ್ಮ ಕಪ್ಪು, ಕಂದು ಮುಖಗಳಲ್ಲಿ ಕೆನ್ನೆ, ಮೂಗು, ಕಣ್ಣಿನ ಕೆಳಗಿನ ನೆರಳು ಎಲ್ಲ ಸೇರಿ ಒಂದೇ ಮುದ್ದೆ. ಕಪ್ಪಿನ ತುದಿಯಲ್ಲಿ ಹಾಳೆ ಬೇಗ ತುಂಬಿಹೋಗುತ್ತದೆ, ಆಮೇಲೆ ಶಕ್ತಿ ಹೆಚ್ಚಿಸಿದರೂ ವ್ಯತ್ಯಾಸ ಕಾಣುವುದಿಲ್ಲ. ಇದು ಅಂದದ ಪ್ರಶ್ನೆ ಅಲ್ಲ. ಮುಖ ಸ್ಪಷ್ಟ ಇಲ್ಲದಿದ್ದರೆ ಅಣ್ಣನ ಕಾರ್ಡನ್ನು ತಮ್ಮ ತೋರಿಸಿ ದಾಟಬಹುದು, ನಕಲಿ ಮಾಡುವ ಅಗತ್ಯವೇ ಇಲ್ಲ! ಕಾರ್ಖಾನೆಯವರದೇ ಫೋಟೊ ತೆಗೆದು, ಕಪ್ಪಿನ ಕಡೆಯ ಛಾಯೆಗಳ ಮೆಟ್ಟಿಲುಗಳನ್ನು ಬಿಡಿಬಿಡಿಯಾಗಿಸಿ, ಪ್ರತಿ ಮುಖವನ್ನೂ ಎದುರಿಗೆ ನಿಂತವರ ಜತೆ ಹೋಲಿಸಿ ಹೊಸ ಸೆಟ್ಟಿಂಗ್ ಕೂರಿಸಿದೆವು. ಇದಕ್ಕೆ ಹೋದ ಸಮಯ ಇಂಕಿಗೂ ಹೋಗಲಿಲ್ಲ, ಹೋಗಬೇಕಾದದ್ದೇ ಅಂತ ನಾನು ಈಗಲೂ ಹೇಳುತ್ತೇನೆ.

ಮಾದರಿ ಸಿದ್ಧವಾದ ಮೇಲೆ ಗೇಟಿನ ಸೆಕ್ಯೂರಿಟಿಯವರ ಕೈಗೆ ಕೊಟ್ಟೆ. ವಾಲಿಸಿ ನೋಡಿ ಬಣ್ಣ ಬದಲಾಗುವುದನ್ನು ತಕ್ಷಣ ಗುರುತು ಹಿಡಿದರು. ಆಮೇಲೆ, 'ಸಾರ್, ರಾತ್ರಿ ಪಾಳಿಲಿ ಆ ಹಳದಿ ಲೈಟ್ ಕೆಳಗೆ ಇದು ಕಾಣ್ತದಾ?' ಅಂದರು. ಸೋಡಿಯಂ ದೀಪದಲ್ಲಿ ಹಳದಿ ಬಿಟ್ಟು ಬೇರೆ ಬಣ್ಣ ತೀರಾ ಕಮ್ಮಿ. ಹಸಿರು, ನೀಲಿ ಎರಡೂ ಅಲ್ಲಿ ಬೂದು ಬಣ್ಣವೇ. ಹಾಗಾಗಿ ಹುಟ್ಟಿದ ದಿನವನ್ನು ಲೇಸರಿನ ಶಕ್ತಿ ಹೆಚ್ಚಿಸಿ ಬರೆದೆವು, ಆಗ ಮೇಲ್ಮೈ ಉಬ್ಬಿ ಅಕ್ಷರ ಉಗುರಿಗೆ ತಾಗುತ್ತದೆ. ಹಗಲಲ್ಲಿ ಕಣ್ಣು, ರಾತ್ರಿ ಬೆರಳು. ಲೆನ್ಸು, ಯುವಿ ದೀಪ ಬೇಕಾಗುವ ಗುರುತುಗಳೂ ಕಾರ್ಡಿನಲ್ಲಿವೆ, ಆದರೆ ಗೇಟಿನಲ್ಲಿ ನಿಂತವರಿಗೆ ಅವು ಕೆಲಸಕ್ಕೆ ಬರುವುದಿಲ್ಲ.

ನಾನೀಗ ಆಸೆಯಿಂದ ನೋಡುತ್ತಿರುವುದು ಫ್ರಾನ್ಸಿನ ಸೇಂಟ್ ಎಟಿಯೆನ್ ವಿಶ್ವವಿದ್ಯಾಲಯದಲ್ಲಿ ನಥಾಲಿ ಡೆಟೂಶ್ ಅವರ ತಂಡ ಮಾಡುತ್ತಿರುವ ಕೆಲಸ. ಟೈಟಾನಿಯಂ ಡೈಆಕ್ಸೈಡ್ ಪದರದಲ್ಲಿರುವ ಬೆಳ್ಳಿಯ ನ್ಯಾನೊ ಕಣಗಳನ್ನು ಲೇಸರಿನಿಂದ ಬದಲಾಯಿಸಿ, ಇಂಕೇ ಇಲ್ಲದೆ ಬಣ್ಣ ಬರೆಯುತ್ತಾರೆ. ಒಂದೇ ಜಾಗದಲ್ಲಿ ಬರೆದದ್ದು ಬೆಳಕು ಬೀಳುವ ರೀತಿ, ನೋಡುವ ರೀತಿ ಬದಲಾದಂತೆ ಬೇರೆ ಬೇರೆ ಚಿತ್ರವಾಗಿ ಕಾಣುತ್ತದೆ. ಇದು ನಮ್ಮ ಲೈನಿನ ವೇಗಕ್ಕೂ ಬೆಲೆಗೂ ಹೊಂದಿದರೆ, ಇಂಕು ಮುದ್ರಿಸಿ ಆಮೇಲೆ ಅದರೊಳಗೆ ವ್ಯಕ್ತಿಯನ್ನು ಬರೆಯುವ ಎರಡು ಹಂತ ಬೇಕಾಗುವುದಿಲ್ಲ, ಒಂದೇ ಏಟಿಗೆ ಎರಡೂ ಆಗುತ್ತದೆ.