ಹೊಸ ಚಪ್ಪಲಿ ಕೇಳುವ ಮೊದಲು ಹಳೆಯದನ್ನು ತನ್ನಿ

ಪಾದ ಚಿಕಿತ್ಸಾ ಕೇಂದ್ರದಲ್ಲಿ ಅಳತೆ ತೆಗೆದು ಚಪ್ಪಲಿ ಮಾಡಿಕೊಡುವುದು ನನ್ನ ಕೆಲಸ. ಬರುವವರಿಗೆ ಫೋನಿನಲ್ಲೇ ಒಂದು ಮಾತು ಹೇಳಿಬಿಡುತ್ತೇನೆ: ಒಳ್ಳೆಯ ಶೂ ಹಾಕಿಕೊಂಡು ಬರಬೇಡಿ, ದಿನಾ ಮೆಟ್ಟುವ ಸವೆದ ಜೋಡನ್ನೇ ತನ್ನಿ. ಅದನ್ನು ಮಗುಚಿ ನೋಡಿದರೆ ಅರ್ಧ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ.

ಹಿಮ್ಮಡಿಯ ಹೊರ ಅಂಚು ಸ್ವಲ್ಪ ಹೆಚ್ಚು ಸವೆದಿದ್ದರೆ ಸಹಜ. ನಡೆಯುವಾಗ ಹೆಚ್ಚಿನವರ ಪಾದ ಮೊದಲು ನೆಲಕ್ಕೆ ತಾಗುವುದೇ ಅಲ್ಲಿ. ಒಳ ಅಂಚು ಸವೆದು ಇಡೀ ಚಪ್ಪಲಿ ಒಳಕ್ಕೆ ವಾಲಿದ್ದರೆ ಪಾದದ ಕಮಾನು ಭಾರಕ್ಕೆ ಕುಸಿಯುತ್ತಿದೆ. ಎಡದ್ದೊಂದು ಬಗೆ, ಬಲದ್ದೊಂದು ಬಗೆ ಸವೆದಿದ್ದರೆ ಪಾದ ಬಿಟ್ಟು ಮಂಡಿ, ಸೊಂಟ, ಕಾಲಿನ ಉದ್ದವನ್ನೂ ವೈದ್ಯರಿಂದ ನೋಡಿಸಬೇಕಾಗುತ್ತದೆ. ಆಮೇಲೆ ಮೇಲ್ಮೈ. ಅಲ್ಲಿ ಬೆರಳ ತುದಿಗಳ ಗುಳಿ ಆಳವಾಗಿ ಮೂಡಿದ್ದರೆ ಆ ಚಪ್ಪಲಿ ಕಾಲಲ್ಲಿ ನಿಲ್ಲುತ್ತಿಲ್ಲ, ಬೆರಳುಗಳು ಕೊಕ್ಕೆಯ ಹಾಗೆ ಬಾಗಿ ಅದನ್ನು ಹಿಡಿದುಕೊಂಡೇ ನಡೆಯುತ್ತಿವೆ ಎಂದು ಅರ್ಥ. ಹಿಂಪಟ್ಟಿ ಇಲ್ಲದ, ಸಡಿಲ ಬಾರಿನ ಹವಾಯಿ ಚಪ್ಪಲಿಗಳಲ್ಲಿ ಇದನ್ನು ದಿನಾ ನೋಡುತ್ತೇನೆ. ಸಂಜೆಯ ಹೊತ್ತಿಗೆ ಮೀನಖಂಡ ಹಿಡಿಯುತ್ತದೆ ಎನ್ನುವವರಲ್ಲಿ ಹಲವರ ಚಪ್ಪಲಿಯಲ್ಲಿ ಈ ಗುರುತು ಇರುತ್ತದೆ.

ಅತಿ ಹೆಚ್ಚು ಕೇಳುವ ಪ್ರಶ್ನೆ ‘ನನಗೆ ಯಾವ ನಂಬರ್?’ ಎಂಬುದು. ನಮ್ಮ ಅಂಗಡಿಗಳ 6, 7, 8 ಬ್ರಿಟಿಷ್ ಪದ್ಧತಿಯವು. ಒಂದು ನಂಬರಿಗೂ ಮುಂದಿನದಕ್ಕೂ ಉದ್ದದಲ್ಲಿ ಇಂಚಿನ ಮೂರನೇ ಒಂದು ಭಾಗ, ಸುಮಾರು 8.5 ಮಿಲಿಮೀಟರ್ ವ್ಯತ್ಯಾಸ. 40, 41 ಎಂದು ಬರೆದಿರುವುದು ಯುರೋಪಿನ ಲೆಕ್ಕ, ಅಲ್ಲಿ ವ್ಯತ್ಯಾಸ 6.7 ಮಿಲಿಮೀಟರ್. ಎರಡೂ ಹೇಳುವುದು ಉದ್ದವನ್ನು ಮಾತ್ರ, ಅಗಲವನ್ನಲ್ಲ. ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದ ನಮ್ಮವರ ಪಾದ ಮುಂಭಾಗದಲ್ಲಿ ಚೆನ್ನಾಗಿ ಹರಡಿಕೊಂಡಿರುತ್ತದೆ. ಶೂ ಅಗಲ ಸಾಲದಾದಾಗ ಒಂದು ನಂಬರ್ ದೊಡ್ಡದು ತೆಗೆದುಕೊಳ್ಳುತ್ತಾರೆ. ಆಗ ಶೂ ಬಾಗುವ ಜಾಗ ಬೆರಳ ಬುಡದಿಂದ ಮುಂದಕ್ಕೆ ಸರಿದುಬಿಡುತ್ತದೆ, ಹಿಮ್ಮಡಿ ಜಾರಿ ಜಾರಿ ಬೊಬ್ಬೆ ಏಳುತ್ತದೆ. ಅಗಲ ಬೇಕಿದ್ದವರು ಅಗಲದ ಫರ್ಮಾದ, ಅಂದರೆ ಪಾದದಾಕಾರದ ಅಚ್ಚಿನ, ಮೇಲೆ ಮಾಡಿದ ಶೂವನ್ನೇ ಹುಡುಕಬೇಕು.

ಅಳತೆಯನ್ನು ಸಂಜೆಯೇ ತೆಗೆಯುತ್ತೇನೆ, ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ. ನೆಲಕ್ಕೆ ದಪ್ಪ ಕಾಗದ ಹಾಸಿ, ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಹಾಕಿ ನಿಲ್ಲಿಸಿ ಗೆರೆ ಎಳೆಯುತ್ತೇನೆ. ಪೆನ್ಸಿಲ್ ನೆಟ್ಟಗೆ ನಿಂತಿರಬೇಕು. ಅದು ಪಾದದ ಅಡಿಗೆ ವಾಲಿತೆಂದರೆ ಗೆರೆ ಒಳಸರಿದು ಪ್ರತಿ ಬದಿಗೆ ಮೂರು ನಾಲ್ಕು ಮಿಲಿಮೀಟರ್ ಕಡಿಮೆ ಬರುತ್ತದೆ. ಕುಳಿತ ಪಾದದ ಅಳತೆ ಕೆಲಸಕ್ಕೆ ಬಾರದು, ನಿಂತಾಗ ಅದು ಉದ್ದಕ್ಕೂ ಅಗಲಕ್ಕೂ ಬೆಳೆಯುತ್ತದೆ. ಎರಡು ಪಾದ ಸಾಮಾನ್ಯವಾಗಿ ಒಂದೇ ಅಳತೆ ಇರುವುದಿಲ್ಲ, ದೊಡ್ಡದನ್ನೇ ಹಿಡಿಯಬೇಕು. ಕೆಲವರಿಗೆ ಹೆಬ್ಬೆರಳಿಗಿಂತ ಎರಡನೇ ಬೆರಳು ಉದ್ದ. ಯಾವುದು ಉದ್ದವೋ ಅದರ ತುದಿಯಿಂದ ಮುಂದೆ 10ರಿಂದ 12 ಮಿಲಿಮೀಟರ್ ಖಾಲಿ ಬಿಡಬೇಕು. ಅಂಗಡಿಯಲ್ಲಿ ಇದನ್ನು ನೋಡುವ ಸುಲಭ ದಾರಿ ಎಂದರೆ ಶೂ ಒಳಗಿನ ಮೆತ್ತೆಯನ್ನು ಹೊರಗೆಳೆದು ಅದರ ಮೇಲೆ ನಿಲ್ಲುವುದು. ಕಿರುಬೆರಳು ಮೆತ್ತೆಯ ಅಂಚಿನಿಂದ ಆಚೆ ಚಾಚಿದರೆ ಆ ಶೂ ಬೇಡ. ‘ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ’ ಎಂಬ ಮಾತು ಚರ್ಮಕ್ಕೆ ಸ್ವಲ್ಪ ಮಟ್ಟಿಗೆ ನಿಜ, ರೆಕ್ಸಿನ್‌ಗೆ ಸುಳ್ಳು.

ಇನ್ನು ಹಿಮ್ಮಡಿ ನೋವು. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಮೊಳೆ ಚುಚ್ಚಿದ ಹಾಗೆ, ಹತ್ತು ಹೆಜ್ಜೆ ನಡೆದ ಮೇಲೆ ಕಡಿಮೆ, ತುಂಬ ಹೊತ್ತು ಕುಳಿತು ಎದ್ದರೆ ಮತ್ತೆ ಚುರುಕು. ಹಿಮ್ಮಡಿ ಮೂಳೆಯಿಂದ ಬೆರಳ ಬುಡದವರೆಗೆ ಅಂಗಾಲಿನಲ್ಲಿ ಚಾಚಿರುವ ಗಟ್ಟಿ ತಂತುಪಟ್ಟಿ ರಾತ್ರಿಯಿಡೀ ಕುಗ್ಗಿದ್ದು, ಮೊದಲ ಹೆಜ್ಜೆಗೆ ಒಮ್ಮೆಗೇ ಎಳೆದುಕೊಳ್ಳುತ್ತದೆ. ಹಿಮ್ಮಡಿಯ ತಳದಲ್ಲಿ ಒಳಬದಿಯ ಮುಂದಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿದರೆ ನೋವಿನ ಜಾಗ ಸಿಕ್ಕಿಬಿಡುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಬೆಳೆದಿದೆ ಎಂದು ಗಾಬರಿಯಾಗಿ ಬರುತ್ತಾರೆ. ಆ ಬೆಳವಣಿಗೆ ನೋವೇ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲೂ ಇರುತ್ತದೆ.

ಹಾಸಿಗೆಯಿಂದ ಇಳಿಯುವ ಮೊದಲೇ ಒಂದು ಕೆಲಸ ಮಾಡಿಸುತ್ತೇನೆ. ನೋವಿರುವ ಕಾಲನ್ನು ಇನ್ನೊಂದರ ತೊಡೆಯ ಮೇಲೆ ಹಾಕಿ, ಐದೂ ಬೆರಳನ್ನು ಒಂದು ಕೈಯಲ್ಲಿ ಹಿಡಿದು ಮೊಣಕಾಲಿನ ಕಡೆಗೆ ಎಳೆಯಬೇಕು. ಇನ್ನೊಂದು ಕೈಯ ಹೆಬ್ಬೆರಳಿಗೆ ಅಂಗಾಲಿನ ನಡುವೆ ತಂತಿ ಬಿಗಿದ ಹಾಗೆ ಆ ಪಟ್ಟಿ ಸಿಗುತ್ತದೆ. ಸಿಗದಿದ್ದರೆ ಎಳೆದದ್ದು ಸಾಲದು. ಹತ್ತು ಎಣಿಸುವಷ್ಟು ಹೊತ್ತು, ಹತ್ತು ಸಲ. ಹಗಲಿನಲ್ಲಿ ಗೋಡೆಗೆ ಕೈಯೂರಿ, ನೋವಿನ ಕಾಲನ್ನು ಹಿಂದಿಟ್ಟು ಮಂಡಿ ಮಡಚದೆ, ಹಿಮ್ಮಡಿ ಎತ್ತದೆ 30 ಸೆಕೆಂಡು ಮೀನಖಂಡ ಎಳೆಯುವುದು ಮೂರು ಸಲ. ವಾರಗಟ್ಟಲೆ ಬಿಡದೆ ಮಾಡಬೇಕು. ನಾಲ್ಕು ದಿನ ಮಾಡಿ ಬಿಟ್ಟವರೇ ‘ಏನೂ ಆಗ್ಲಿಲ್ಲ’ ಎನ್ನುವುದು.

ಅದರಷ್ಟೇ ಮುಖ್ಯವಾದದ್ದು ಮನೆಯ ನೆಲ. ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್ ಮೇಲೆ ಬರಿಗಾಲಲ್ಲಿ ಬೆಳಗಿನಿಂದ ಅಡುಗೆಮನೆಯಲ್ಲಿ ನಿಂತ ಹೆಂಗಸರಿಗೆ ಹೊರಗೆ ಎಂಥ ಶೂ ಕೊಟ್ಟರೂ ನೋವು ಇಳಿಯುವುದಿಲ್ಲ. ಮನೆಯೊಳಗೆ ಚಪ್ಪಲಿ ಎಂದರೆ ಹಿರಿಯರು ಮುಖ ಸಿಂಡರಿಸುತ್ತಾರೆ. ಹೊರಗಿನ ಧೂಳು ಕಾಣದ ಒಂದು ಜೋಡನ್ನು ಒಳಗೇ ಇಟ್ಟುಕೊಳ್ಳಿ, ದೇವರ ಕೋಣೆಯ ಹೊಸ್ತಿಲಲ್ಲಿ ಬಿಡಿ ಎಂದರೆ ಒಪ್ಪುತ್ತಾರೆ. ಅದರ ಹಿಮ್ಮಡಿ ಮುಂಭಾಗಕ್ಕಿಂತ ಒಂದು ಸೆಂಟಿಮೀಟರಿನಷ್ಟು ಎತ್ತರ ಇರಲಿ. ಮೆತ್ತಗಿದ್ದಷ್ಟೂ ಒಳ್ಳೆಯದು ಎಂಬುದು ತಪ್ಪು. ಹೆಬ್ಬೆರಳಿನಿಂದ ಒತ್ತಿದಾಗ ಕೆಳಗಿನ ಗಟ್ಟಿ ಅಟ್ಟೆ ಬೆರಳಿಗೆ ತಾಗಿದರೆ ಆ ಮೆತ್ತೆ ದೇಹದ ಭಾರಕ್ಕೆ ಪೂರ್ತಿ ಚಪ್ಪಟೆಯಾಗುತ್ತದೆ, ಇದ್ದೂ ಇಲ್ಲದ ಹಾಗೆ. ಹಿಮ್ಮಡಿಗೆ ಮೆತ್ತೆ ಹಾಕಿದರೆ ಎರಡೂ ಕಾಲಿಗೆ ಹಾಕಿ, ಒಂದಕ್ಕೇ ಹಾಕಿದರೆ ಸೊಂಟ ಏರುಪೇರಾಗುತ್ತದೆ.

ಹಿಂಪಟ್ಟಿ ಇಲ್ಲದ ಚಪ್ಪಲಿಗೂ ಹಿಮ್ಮಡಿ ಒಡೆಯುವುದಕ್ಕೂ ನೇರ ನಂಟಿದೆ. ಹಿಮ್ಮಡಿಯ ತಳದಲ್ಲಿರುವ ಕೊಬ್ಬಿನ ದಿಂಬು ಭಾರ ಬಿದ್ದಾಗ ಪಕ್ಕಕ್ಕೆ ಉಬ್ಬುತ್ತದೆ. ಹಿಂದೆ, ಬದಿಯಲ್ಲಿ ಆಸರೆ ಇಲ್ಲದಿದ್ದರೆ ಒಣಗಿ ದಪ್ಪವಾದ ಚರ್ಮ ಹಿಗ್ಗಲಾರದೆ ಸೀಳುತ್ತದೆ. ಬ್ಲೇಡಿನಿಂದ ಕೆರೆಯುವುದನ್ನು ದಯವಿಟ್ಟು ನಿಲ್ಲಿಸಿ. ಉಗುರುಬೆಚ್ಚನೆಯ ನೀರಲ್ಲಿ ಹತ್ತು ನಿಮಿಷ, ಕಾಲುಜ್ಜುವ ಕಲ್ಲಿನಿಂದ ಒಂದೇ ದಿಕ್ಕಿಗೆ ಹಗುರವಾಗಿ ಉಜ್ಜುವುದು, ಒರೆಸಿದ ತಕ್ಷಣ 10ರಿಂದ 25 ಶೇಕಡಾ ಯೂರಿಯಾ ಇರುವ ಕ್ರೀಮು, ಮೇಲೆ ಹತ್ತಿಯ ಕಾಲುಚೀಲ, ಮಲಗುವ ಮುಂಚೆ. ಸೀಳು ಆಳವಾಗಿ ರಕ್ತ ಬರುತ್ತಿದ್ದರೆ ಉಜ್ಜುವುದೂ ಬೇಡ, ಯೂರಿಯಾವೂ ಬೇಡ, ಮೊದಲು ಗಾಯ ಮಾಯಲಿ.

ಇಷ್ಟೆಲ್ಲ ನೋವಿನ ಮಾತು. ನನಗೆ ನಿಜವಾಗಿ ಭಯ ಹುಟ್ಟಿಸುವುದು ನೋವೇ ಗೊತ್ತಾಗದ ಪಾದ. ಸಕ್ಕರೆ ಕಾಯಿಲೆ ಹಳೆಯದಾದಂತೆ ಪಾದದ ನರ ಮಂದವಾಗುತ್ತದೆ. ಮೊದಲು ಜುಮುಜುಮು, ಉರಿ, ಆಮೇಲೆ ಏನೂ ಇಲ್ಲ. ಉರಿ ಹೋಯಿತು, ವಾಸಿಯಾಯಿತು ಎಂದುಕೊಳ್ಳುತ್ತಾರೆ. ಆಸ್ಪತ್ರೆಯಲ್ಲಿ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಪರೀಕ್ಷಿಸುತ್ತೇವೆ. ಮನೆಯಲ್ಲಿ ಮಾಡಲು ಇಪ್ಸ್‌ವಿಚ್ ಪರೀಕ್ಷೆ ಎಂಬುದು ಸಾಕು. ಕಣ್ಣು ಮುಚ್ಚಿ ಮಲಗಿಸಿ, ಎರಡೂ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ನಿಮ್ಮ ತೋರುಬೆರಳಿಂದ ಒಂದೆರಡು ಸೆಕೆಂಡು ಹೂವು ಮುಟ್ಟಿದ ಹಾಗೆ ಮುಟ್ಟಿ. ಒತ್ತಬಾರದು, ಸವರಬಾರದು. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ಗೊತ್ತಾಗದಿದ್ದರೆ ಸ್ಪರ್ಶ ಕುಂದಿದೆ. ಅಲ್ಲಿಂದ ಮುಂದೆ ಕಾಲಿನ ಕೆಲಸವನ್ನು ಕಣ್ಣು ಮಾಡಬೇಕು. ದಿನಾ ರಾತ್ರಿ ಅಂಗಾಲು ನೋಡಿಕೊಳ್ಳುವುದು, ಬಗ್ಗಲಾಗದವರು ನೆಲದ ಮೇಲೆ ಕನ್ನಡಿ ಇಟ್ಟು ನೋಡುವುದು, ಚಪ್ಪಲಿ ಮೆಟ್ಟುವ ಮುಂಚೆ ಕೊಡವುವುದು, ಸ್ನಾನದ ನೀರಿನ ಬಿಸಿಯನ್ನು ಮೊಣಕೈಯಿಂದ ನೋಡುವುದು. ಬೇಸಿಗೆಯ ಮಧ್ಯಾಹ್ನ ದೇವಸ್ಥಾನದ ಕಲ್ಲು ಹಾಸಿನ ಮೇಲೆ ಪ್ರದಕ್ಷಿಣೆ ಹಾಕಿ ಬಂದವರ ಅಂಗಾಲಿನ ಸಿಪ್ಪೆಯೇ ಎದ್ದಿರುತ್ತದೆ, ಅವರಿಗೆ ಗೊತ್ತಾಗಿದ್ದು ಮನೆಗೆ ಬಂದು ಕಾಲುಚೀಲ ಒದ್ದೆಯಾದಾಗ. ಬೆಳಗಿನ ತಂಪಿನಲ್ಲಿ ಹೋಗಿ, ಎಷ್ಟು ಬೇಗ ಹೋದರೂ ದಪ್ಪ ಕಾಲುಚೀಲ ತೊಟ್ಟುಕೊಳ್ಳಿ.

ಇಂಥ ಪಾದಕ್ಕೆ ನಾನು ಮಾಡುವುದು ಎಂಸಿಆರ್ ಚಪ್ಪಲಿ, ಅಂದರೆ ಒಳಗೆ ಸಣ್ಣ ಗಾಳಿಗೂಡುಗಳಿರುವ ರಬ್ಬರಿನದು. ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡ ಪಾದಗಳನ್ನು ಉಳಿಸಲು ವೆಲ್ಲೂರಿನಲ್ಲಿ ಡಾಕ್ಟರ್ ಪಾಲ್ ಬ್ರ್ಯಾಂಡ್ ಮತ್ತು ಅವರ ಸಂಗಡಿಗರು ನಡೆಸಿದ ಕೆಲಸದಿಂದ ಬೆಳೆದುಬಂದ ಚಪ್ಪಲಿ ಇದು. ರಬ್ಬರಿನ ಗಡಸುತನ ಶೋರ್ ಮಾಪಕದಲ್ಲಿ 15ರ ಆಸುಪಾಸು ಇರಬೇಕು. ಬಣ್ಣ ನೋಡಿ ಎಂಸಿಆರ್ ಎಂದು ನಂಬಬೇಡಿ, ಹೆಬ್ಬೆರಳು ಒತ್ತಿ ಬಿಟ್ಟಾಗ ಗುಳಿ ಕೂಡಲೇ ಮೇಲೆದ್ದು ಬರಬೇಕು.

ಪಾದದ ಗೆರೆಗೆ ಸುತ್ತಲೂ 5 ಮಿಲಿಮೀಟರ್, ಮುಂದೆ 10 ಮಿಲಿಮೀಟರ್ ಸೇರಿಸಿ 10 ಮಿಲಿಮೀಟರ್ ದಪ್ಪದ ಎಂಸಿಆರ್ ಕತ್ತರಿಸುತ್ತೇನೆ. ಕೆಳಗೆ ಮುಳ್ಳು, ಗಾಜು ದಾಟದಂಥ ಗಟ್ಟಿ ರಬ್ಬರಿನ ಅಟ್ಟೆ. ಪಟ್ಟಿಗಳ ತುದಿ ಈ ಎರಡು ಪದರದ ನಡುವೆ ಹೋಗಿ ಅಂಟಬೇಕು. ಆ ತುದಿಯನ್ನು ಕಾಗದದಷ್ಟು ತೆಳ್ಳಗೆ ಕೆತ್ತದಿದ್ದರೆ ಅಂಗಾಲಿನ ಕೆಳಗೆ ಏಣು ಉಳಿಯುತ್ತದೆ. ನಮ್ಮ ಕೈಗೆ ಅದು ಏನೇನೂ ಅಲ್ಲ, ಸ್ಪರ್ಶವಿಲ್ಲದ ಪಾದಕ್ಕೆ ಹದಿನೈದು ದಿನದಲ್ಲಿ ಹುಣ್ಣು. ಅಂಟನ್ನು ಎರಡೂ ಮುಖಕ್ಕೆ ತೆಳ್ಳಗೆ ಸವರಿ, ಬೆರಳ ಹಿಂಬದಿಗೆ ಅಂಟದಷ್ಟು ಒಣಗುವವರೆಗೆ, ಸುಮಾರು ಹತ್ತು ಹದಿನೈದು ನಿಮಿಷ ಬಿಟ್ಟು ಜೋಡಿಸಿ ಸುತ್ತಿಗೆಯಿಂದ ನಡುವಿನಿಂದ ಅಂಚಿಗೆ ಬಡಿಯಬೇಕು. ಹಸಿಯಿರುವಾಗಲೇ ಜೋಡಿಸಿದರೆ ಮಳೆಗಾಲದ ಮೊದಲ ವಾರವೇ ಬಾಯಿ ಬಿಡುತ್ತದೆ. ಒಂದೇ ಒಂದು ಮೊಳೆಯೂ ಕೂಡದು. ರಿಪೇರಿಗೆಂದು ರಸ್ತೆಬದಿಯಲ್ಲಿ ಕೊಟ್ಟಾಗ ‘ಗಟ್ಟಿಯಾಗಲಿ’ ಎಂದು ಪ್ರೀತಿಯಿಂದಲೇ ಒಂದು ಮೊಳೆ ಹೊಡೆದುಬಿಡುತ್ತಾರೆ, ಮೊದಲೇ ಹೇಳಿ. ಹೆಬ್ಬೆರಳ ಸಂದಿಗೆ ಬಾರು ಹಾಕುವುದಿಲ್ಲ, ಅಲ್ಲಿ ಉಜ್ಜಿ ಗಾಯವಾದರೆ ಬೇಗ ಕಣ್ಣಿಗೆ ಬೀಳುವುದಿಲ್ಲ. ಮುಂದೆರಡು ಅಗಲ ಪಟ್ಟಿ, ಊತಕ್ಕೆ ತಕ್ಕಂತೆ ಸಡಿಲಿಸಲು ವೆಲ್‌ಕ್ರೋ, ಮತ್ತು ಹಿಂಪಟ್ಟಿ. ಹಿಂಪಟ್ಟಿ ಇಲ್ಲದಿದ್ದರೆ ಚಪ್ಪಲಿ ಕಳಚಿದ್ದು ಗೊತ್ತಾಗದೆ ಬರಿಗಾಲಲ್ಲಿ ನಡೆದುಹೋಗುತ್ತಾರೆ.

ಅಥಣಿ ಕಡೆ ಮಾಡುವ ಕೊಲ್ಹಾಪುರಿ ಚರ್ಮದ ಮೆಟ್ಟು ಹಾಕಬಹುದೇ ಎಂದು ಬೆಳಗಾವಿ, ವಿಜಯಪುರದ ಹಿರಿಯರು ಕೇಳುತ್ತಾರೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಸೇರಿದ್ದು, ಅದರ ಕೈಕೆಲಸದ ಬಗ್ಗೆ ನನಗೆ ತುಂಬು ಗೌರವವಿದೆ. ಮೊಳೆಯಿಲ್ಲ, ಹೊಲಿಗೆಯೂ ಚರ್ಮದ ದಾರದ್ದೇ, ಮುಂಭಾಗ ಅಗಲ. ಸ್ಪರ್ಶ ಚೆನ್ನಾಗಿರುವವರು ಹಾಕಲಿ. ಜೋಮು ಹಿಡಿದ ಪಾದಕ್ಕೆ ಮಾತ್ರ ಅದರಲ್ಲಿ ಹೆಬ್ಬೆರಳು ತೂರಿಸುವ ಬಿಗಿ ಉಂಗುಟವೂ ಗಟ್ಟಿ ಅಟ್ಟೆಯೂ ಆಗದು.

ಆಣಿಯ ವಿಷಯದಲ್ಲಿ ಹೇಳುವುದು ಕಡಿಮೆ. ಅದು ಒತ್ತಡದಿಂದ ಹುಟ್ಟುತ್ತದೆ, ಒತ್ತುವ ಶೂ ಬದಲಿಸದೆ ಎಷ್ಟು ಸಲ ತೆಗೆಸಿದರೂ ಮತ್ತೆ ಬರುತ್ತದೆ. ಅಂಗಡಿಯ ಆಣಿಪಟ್ಟಿಯಲ್ಲಿ ಸ್ಯಾಲಿಸಿಲಿಕ್ ಆಮ್ಲ ಇರುತ್ತದೆ. ಸಕ್ಕರೆ ಕಾಯಿಲೆಯವರು ಅದನ್ನು ಮುಟ್ಟಲೇಬಾರದು. ಮಳೆಗಾಲದ ಬೆರಳ ಸಂದಿಯ ಕೆರೆತಕ್ಕೆ ಮೊದಲ ಮದ್ದು ಒಣ ಬಟ್ಟೆ: ನಾಲ್ಕನೇ ಮತ್ತು ಕಿರುಬೆರಳ ನಡುವೆ ಬಟ್ಟೆ ತೂರಿಸಿ ಒರೆಸಿ, ಒದ್ದೆ ಶೂ ಒಳಗೆ ಹಳೆ ಪತ್ರಿಕೆ ತುರುಕಿ ಪೂರ್ತಿ ಒಂದು ದಿನ ಬಿಡಿ, ಎರಡು ಜೋಡು ಸರದಿಯಲ್ಲಿ ಹಾಕಿ. ಸ್ಟೆರಾಯ್ಡ್ ಬೆರೆತ ಮುಲಾಮು ಎರಡು ದಿನ ಕೆರೆತ ಅಡಗಿಸಿ ಶಿಲೀಂಧ್ರವನ್ನು ಒಳಗೊಳಗೇ ಹರಡುತ್ತದೆ.

ಸ್ಪರ್ಶವಿಲ್ಲದ ಒಂದು ಪಾದ ಗಾಯವೇ ಇಲ್ಲದೆ ಊದಿ, ಕೆಂಪಾಗಿ, ಕೈಯ ಹಿಂಬದಿಗೆ ಇನ್ನೊಂದಕ್ಕಿಂತ ಬಿಸಿ ಎನಿಸಿದರೆ ಚಪ್ಪಲಿಯ ಮಾತೇ ಬೇಡ. ಒಳಗೆ ಮೂಳೆ ಮುರಿದು ಕುಸಿಯುತ್ತಿರಬಹುದು. ಆ ಕಾಲು ನೆಲಕ್ಕೆ ಊರದೆ ಅಂದೇ ವೈದ್ಯರಲ್ಲಿಗೆ ಹೋಗಬೇಕು.

ಹೊಸ ಜೋಡನ್ನು ಮೊದಲ ದಿನ ಒಂದೇ ಗಂಟೆ ಹಾಕಿಸಿ ಪಾದ ನೋಡುತ್ತೇನೆ. ಕೆಂಪು ಗುರುತು ಇಪ್ಪತ್ತು ಮೂವತ್ತು ನಿಮಿಷದೊಳಗೆ ಮಾಯವಾಗದಿದ್ದರೆ ಆ ಜಾಗದ ಪಟ್ಟಿ ಬಿಚ್ಚಿ ಸರಿಮಾಡುತ್ತೇನೆ. ಸರಿಯಾದರೆ ದಿನಕ್ಕೊಂದು ಗಂಟೆ ಹೆಚ್ಚಿಸಬಹುದು. ಕೊಡುವಾಗ ಅಟ್ಟೆಯ ಕೆಳಗೆ ಹಿಮ್ಮಡಿ ಹತ್ತಿರ ಮಾರ್ಕರಿನಲ್ಲಿ ತಾರೀಖು ಬರೆಯುತ್ತೇನೆ. ಆರು ತಿಂಗಳಾದ ಮೇಲೆ ಪ್ರತಿ ತಿಂಗಳೂ ಹೆಬ್ಬೆರಳ ಬುಡದ ಗುಳಿಯನ್ನು ಒತ್ತಿ ನೋಡಬೇಕು. ಅದು ಮೇಲೇಳದ ದಿನ, ಮೇಲಿನ ಪಟ್ಟಿ ಎಷ್ಟೇ ಹೊಸದಾಗಿ ಕಂಡರೂ, ಹೊಸ ಎಂಸಿಆರ್ ಹಾಕಿಸಲು ಆ ಜೋಡನ್ನೇ ತನ್ನಿ.