‘ಮನೆಯಲ್ಲಿಲ್ಲ’ ಎಂದು ಬರೆದಿದ್ದ ಮನೆಗಳಲ್ಲಿ ಜನ ಇದ್ದರು

2024ರ ಫೆಬ್ರವರಿ ಕೊನೆಯ ವಾರ. ಮನೆಗಳಿಗೆ ಆರ್‌ಒ ವಾಟರ್ ಫಿಲ್ಟರ್ ಮಾರಿ, ಅದರ ಸರ್ವಿಸನ್ನೂ ಮಾಡುವ ಒಂದು ಕಂಪನಿಯಲ್ಲಿ ನಾನು ಬಿಸಿನೆಸ್ ಅನಲಿಸ್ಟ್ ಆಗಿದ್ದೆ. ಅಂದರೆ, ಯಾರಿಗೆ ಏನು ಬೇಕು ಎಂದು ಕೇಳಿ ತಿಳಿದು, ಸಾಫ್ಟ್‌ವೇರ್ ಏನು ಮಾಡಬೇಕು ಎಂಬ ‘ರಿಕ್ವೈರ್‌ಮೆಂಟ್’ ಬರೆದುಕೊಡುವ ಕೆಲಸ. ಸರ್ವಿಸ್ ವಿಭಾಗದ ಮುಖ್ಯಸ್ಥರು ಕರೆದು ಹೇಳಿದರು: “ನಮ್ಮ ಹುಡುಗರು ಹೋದಾಗ ಕಸ್ಟಮರ್ ಮನೆಯಲ್ಲೇ ಇರಲ್ಲ. ಹಿಂದಿನ ದಿನ ಒಂದು ಮೆಸೇಜ್ ಹೋಗಲಿ, ಬೆಳಿಗ್ಗೆ ಇನ್ನೊಂದು ಹೋಗಲಿ, ಹೊರಡೋ ಮುಂಚೆ ಒಂದು ಓಟಿಪಿ. ಮೂರು ವಾರದಲ್ಲಿ ರಿಕ್ವೈರ್‌ಮೆಂಟ್ ಬರೆದುಕೊಡಿ.”

ಅವರು ಸುಮ್ನೆ ಹೇಳಿದ್ದಲ್ಲ. ಒಂದು ಮನೆಯ ಒಂದು ರಿಪೇರಿ ಕೆಲಸಕ್ಕೆ ನಾವು ‘ಕಾಲ್’ ಅನ್ನುತ್ತೇವೆ. ಕೆಲಸ ಮುಗಿಯದೆ ವಾಪಸ್ ಬಂದ ಕಾಲ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿಗೆ ಟೆಕ್ನಿಷಿಯನ್ ಆಪ್‌ನಲ್ಲಿ ಒಂದೇ ಕಾರಣ ಬಿದ್ದಿತ್ತು: ‘ಕಸ್ಟಮರ್ ಮನೆಯಲ್ಲಿಲ್ಲ’. ಬೆಂಗಳೂರಿನಲ್ಲಿ ಇದನ್ನು ನಂಬುವುದು ಕಷ್ಟವೂ ಅಲ್ಲ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳು ಬೇಕಾದಷ್ಟಿರುವ ಊರು ಇದು. ನಾನೂ ನಂಬಿದೆ. ನಾಲ್ಕು ದಿನ ಕೂತು ಮೆಸೇಜ್ ಯಾವಾಗ ಹೋಗಬೇಕು, ಕನ್ನಡದಲ್ಲಿ ಹೇಗಿರಬೇಕು, ಓಟಿಪಿ ಬರದಿದ್ದರೆ ಏನು ಮಾಡಬೇಕು ಅಂತ ಹನ್ನೊಂದು ಪುಟ ಬರೆದೂ ಬಿಟ್ಟೆ.

ಆಮೇಲೆ ಒಂದು ಸಣ್ಣ ಲೆಕ್ಕ ಬೇಕಾಯಿತು. ಟೆಕ್ನಿಷಿಯನ್ ಮನೆ ಮುಂದೆ ಬಂದಾಗ ಆಪ್‌ನಲ್ಲಿ ‘ತಲುಪಿದೆ’ ಅಂತ ಒತ್ತುತ್ತಾರೆ. ಯಾರೂ ಇಲ್ಲದ ಮನೆ ಮುಂದೆ ಎಷ್ಟು ಹೊತ್ತು ಕಾಯುತ್ತಾರೆ ಎಂದು ತಿಳಿದರೆ ಓಟಿಪಿ ಎಷ್ಟು ನಿಮಿಷ ಇರಬೇಕು ಎಂದು ಬರೆಯಬಹುದು ಅಂತ ನನ್ನ ಯೋಚನೆ. ‘ಮನೆಯಲ್ಲಿಲ್ಲ’ ಒತ್ತಿದ ಸಮಯದಿಂದ ‘ತಲುಪಿದೆ’ ಒತ್ತಿದ ಸಮಯವನ್ನು ಎಕ್ಸೆಲ್‌ನಲ್ಲಿ ಕಳೆದು ನೋಡಿದೆ. ಐದು ನಿಮಿಷ ಬರುತ್ತದೆ ಅಂದುಕೊಂಡಿದ್ದೆ. ಸಾಲುಸಾಲಾಗಿ ಇಪ್ಪತ್ತು ನಿಮಿಷ, ಇಪ್ಪತ್ತೈದು ನಿಮಿಷ ಬಂತು. ಬೀಗ ಹಾಕಿದ ಬಾಗಿಲ ಮುಂದೆ, ಫೆಬ್ರವರಿ ಬಿಸಿಲಲ್ಲಿ, ಇನ್ನೂ ಆರು ಕಾಲ್ ಕೈಯಲ್ಲಿ ಇಟ್ಟುಕೊಂಡು ಯಾರಾದರೂ ಇಪ್ಪತ್ತೈದು ನಿಮಿಷ ನಿಲ್ಲುತ್ತಾರಾ?

ಇಪ್ಪತ್ತೈದು ನಿಮಿಷ ಅಂದರೆ ಬಾಗಿಲು ತೆಗೆದು, ಮೆಷಿನ್ ಬಿಚ್ಚಿ, ನೋಡಿ, ಮತ್ತೆ ಮುಚ್ಚಲು ಹಿಡಿಯುವ ಹೊತ್ತು. ಆ ಹನ್ನೊಂದು ಪುಟವನ್ನು ಅಲ್ಲಿಗೆ ಬದಿಗಿಟ್ಟೆ.

ಮುಂದಿನ ಹೆಜ್ಜೆ ತಪ್ಪಿತು. ಎಂಟು ಜನ ಟೆಕ್ನಿಷಿಯನ್‌ಗಳನ್ನು ಆಫೀಸಿಗೆ ಕರೆಸಿ, ಮೀಟಿಂಗ್ ರೂಮಿನಲ್ಲಿ ಕೂರಿಸಿ ಕೇಳಿದೆ. ಅವರ ಸೂಪರ್‌ವೈಸರ್ ಕೂಡ ಅಲ್ಲೇ ಇದ್ದರು. “ಯಾಕೆ ಕಾಲ್ ಮುಗೀತಿಲ್ಲ?” ಅಂತ ಕೇಳಿದರೆ ಎಂಟೂ ಜನರದ್ದು ಒಂದೇ ಉತ್ತರ: “ಮನೇಲಿ ಇರಲ್ಲ ಮೇಡಂ.” ಆಪ್‌ನಲ್ಲಿ ಇದ್ದ ಮಾತನ್ನೇ ಬಾಯಲ್ಲಿ ಹೇಳಿ, ಟೀ ಕುಡಿದು ಹೋದರು.

ನಮ್ಮ ಕೆಲಸದಲ್ಲಿ ‘ಐದು ಯಾಕೆ’ ಅನ್ನುವ ವಿಧಾನವನ್ನು ಎಲ್ಲರೂ ಕಲಿಯುತ್ತಾರೆ. ಟೊಯೋಟಾ ಸಮೂಹಕ್ಕೆ ಅಡಿಪಾಯ ಹಾಕಿದ ಸಕಿಚಿ ಟೊಯೋಡಾ ಅವರಿಂದ ಬಂದದ್ದು. ಅದೇ ಕಂಪನಿಯ ತೈಚಿ ಓನೊ ಅದನ್ನು ವಿವರಿಸಲು ಒಂದು ಉದಾಹರಣೆ ಕೊಡುತ್ತಿದ್ದರು. ಮೆಷಿನ್ ನಿಂತಿತು, ಯಾಕೆ? ಲೋಡ್ ಜಾಸ್ತಿಯಾಗಿ ಫ್ಯೂಸ್ ಹೋಯಿತು. ಲೋಡ್ ಯಾಕೆ ಜಾಸ್ತಿ? ಬೇರಿಂಗ್‌ಗೆ ಎಣ್ಣೆ ಸಾಲಲಿಲ್ಲ. ಎಣ್ಣೆ ಯಾಕೆ ಸಾಲಲಿಲ್ಲ? ಪಂಪ್ ಸರಿಯಾಗಿ ಎತ್ತುತ್ತಿಲ್ಲ. ಅದು ಯಾಕೆ? ಪಂಪಿನ ಶಾಫ್ಟ್ ಸವೆದಿದೆ. ಸವೆದದ್ದು ಯಾಕೆ? ಜಾಲರಿ ಇಲ್ಲದೆ ಲೋಹದ ಚೂರು ಒಳಗೆ ಹೋಗಿದೆ. ಫ್ಯೂಸ್ ಬದಲಿಸಿ ಸುಮ್ಮನಾಗಿದ್ದರೆ ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ.

ಚೆನ್ನಾದ ವಿಧಾನ. ಆದರೆ ಅಲ್ಲಿ ಪ್ರಶ್ನೆ ಮೆಷಿನ್‌ಗೆ. ಮನುಷ್ಯರಿಗೆ ಕನ್ನಡದಲ್ಲಿ ‘ಯಾಕೆ’ ಅಂತ ಕೇಳಿದರೆ ಬೇರೆ ಥರ ಕೇಳಿಸುತ್ತದೆ. “ಯಾಕೆ ಲೇಟು?” “ಯಾಕೆ ಮಾಡಿಲ್ಲ?” ಚಿಕ್ಕಂದಿನಿಂದ ನಾವು ಈ ಪದವನ್ನು ಜಾಸ್ತಿ ಕೇಳಿರುವುದು ಬೈಗುಳದ ಜೊತೆ. ಎರಡನೇ ‘ಯಾಕೆ’ಗೇ ಎದುರಿನವರು ತಮ್ಮನ್ನು ಕಾಪಾಡಿಕೊಳ್ಳಲು ಶುರು ಮಾಡುತ್ತಾರೆ. ಅವತ್ತಿನಿಂದ ನಾನು ‘ಯಾಕೆ’ಯನ್ನು ನನ್ನ ನೋಟ್‌ಬುಕ್ಕಿಗೆ ಮಾತ್ರ ಇಟ್ಟುಕೊಂಡೆ. ಜನರ ಹತ್ತಿರ ಕೇಳುವುದು “ನಿನ್ನೆ ಮೊದಲ ಮನೆಗೆ ಹೋದಾಗ ಏನಾಯ್ತು?” ಅಂತ. ಅದಾದ ಮೇಲೆ “ಆಮೇಲೆ?” ಅಷ್ಟೇ. ‘ಆಮೇಲೆ’ ಅಂದರೆ ಜನ ಕಥೆ ಹೇಳುತ್ತಾರೆ. ಕಾರಣಗಳು ಆ ಕಥೆಯ ಒಳಗೇ ಇರುತ್ತವೆ.

ಎರಡು ದಿನ ಬಿಟ್ಟು ನಾನೇ ಹೊರಟೆ. ವಿಜಯನಗರದಲ್ಲಿ ನೇರಳೆ ಮೆಟ್ರೊ ಹತ್ತಿದರೆ ಒಂದೇ ರೈಲಿನಲ್ಲಿ ಊರಿನ ಪೂರ್ವದ ಹೂಡಿ. ಅಲ್ಲಿಂದ ನಮ್ಮ ಸರ್ವಿಸ್ ಡಿಪೋಗೆ ನಡೆದು ಹೋಗಬಹುದು. ಹತ್ತು ವರ್ಷದ ಅನುಭವ ಇದ್ದ ಒಬ್ಬ ಟೆಕ್ನಿಷಿಯನ್ ಜೊತೆ ಮೂರು ದಿನ ಬೈಕಿನಲ್ಲಿ ಸುತ್ತಿದೆ. ಬ್ಯಾಗನ್ನು ಅವರು ಮುಂದೆ ಟ್ಯಾಂಕ್ ಮೇಲೆ ಇಟ್ಟುಕೊಂಡು ನನಗೆ ಹಿಂದೆ ಜಾಗ ಮಾಡಿಕೊಟ್ಟರು. ಮೊದಲ ದಿನ ಅವರಿಗೆ ನಾನು ‘ಮೇಡಂ’. ಅವರನ್ನು ‘ಅಣ್ಣ’ ಅಂತ ಕರೆದೆ. ಮೂರನೇ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅವರ ಬಾಯಲ್ಲೂ ‘ಅಕ್ಕ’ ಬಂತು.

ಎರಡನೇ ದಿನ ಕಾಡುಗೋಡಿಯ ಹತ್ತಿರ ಒಂದು ಮನೆ. ಕಂಪ್ಲೇಂಟ್ ‘ನೀರು ಬರ್ತಿಲ್ಲ’. ಬಾಗಿಲು ತೆಗೆದವರು ವಯಸ್ಸಾದ ಅಮ್ಮ. ಅಣ್ಣ ಮೆಷಿನ್ ಬಿಚ್ಚಿ ನೋಡಿದರು. ನೀರಿನ ಲವಣವನ್ನು ತಡೆಯುವ ತೆಳು ಪೊರೆ, ಮೆಂಬ್ರೇನ್, ಪೂರ್ತಿ ಕಟ್ಟಿಕೊಂಡಿತ್ತು. ನೀರಿನಲ್ಲಿ ಲವಣ ಎಷ್ಟು ಕರಗಿದೆ ಎಂದು ತೋರಿಸುವ, ಪೆನ್ನಿನಂತಿರುವ ಟಿಡಿಎಸ್ ಮೀಟರನ್ನು ನಲ್ಲಿ ನೀರಿಗೆ ಅದ್ದಿದರು. 900 ದಾಟಿತು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರು ಇಲ್ಲವೇ ಇಲ್ಲ ಅಂದರೆ 2000ದವರೆಗೆ ಒಪ್ಪಬಹುದು. ಆ ಮನೆಗೆ ಕಾವೇರಿ ಇರಲಿಲ್ಲ. ಬೋರ್‌ವೆಲ್ ನೀರು, ಅದು ಸಾಲದಾದಾಗ ಟ್ಯಾಂಕರ್. ಅಣ್ಣನ ಬ್ಯಾಗಿನಲ್ಲಿ ಮೆಂಬ್ರೇನ್ ಇರಲಿಲ್ಲ. “ನಾಳೆ ತರ್ತೀನಮ್ಮ” ಅಂತ ಹೇಳಿ ಮೆಷಿನ್ ಮುಚ್ಚಿದರು. ಆ ಅಮ್ಮ ನನಗೂ ಮಜ್ಜಿಗೆ ಕೊಟ್ಟರು. ಹೊರಗೆ ಬಂದು ಅಣ್ಣ ಆಪ್‌ನಲ್ಲಿ ‘ಕಸ್ಟಮರ್ ಮನೆಯಲ್ಲಿಲ್ಲ’ ಒತ್ತಿದರು.

ನಾನು ನೋಡಿದ್ದು ಅವರಿಗೂ ಗೊತ್ತಾಯಿತು. ನಾನು ಏನೂ ಕೇಳಲಿಲ್ಲ. ಬೈಕ್ ಸ್ಟಾರ್ಟ್ ಮಾಡುವ ಮುಂಚೆ ಅವರೇ ಹೇಳಿದರು: “ಪಾರ್ಟ್ ಇಲ್ಲ ಅಂತ ಹಾಕಿದ್ರೆ ಕಾಲ್ ನನ್ನ ಹೆಸರಲ್ಲೇ ಪೆಂಡಿಂಗ್ ಇರುತ್ತೆ ಮೇಡಂ. 48 ಗಂಟೆ ದಾಟಿದ್ರೆ ಇನ್ಸೆಂಟಿವ್ ಕಟ್. ಮನೇಲಿಲ್ಲ ಅಂತ ಹಾಕಿದ್ರೆ ಟೈಮ್ ನಿಲ್ಲುತ್ತೆ. ನಾಳೆ ಪಾರ್ಟ್ ಸಿಕ್ಕಮೇಲೆ ಬಂದು ಮುಗಿಸ್ತೀನಿ.”

ಅವರ ಮೇಲೆ ನನಗೆ ಒಂದು ಚೂರೂ ಬೇಸರ ಬರಲಿಲ್ಲ. ತಮ್ಮ ಕೈಯಲ್ಲಿ ಇಲ್ಲದ ತಪ್ಪಿಗೆ ದುಡ್ಡು ಕಳೆದುಕೊಳ್ಳಲು ಯಾರು ಒಪ್ಪುತ್ತಾರೆ? ಆ ಆಪ್ ಮಾಡುವಾಗ ಅಲ್ಲಿ ಕೂತಿದ್ದವರು ನನ್ನಂಥ ಅನಲಿಸ್ಟ್‌ಗಳೇ. ಐದು ಕಾರಣಗಳ ಪಟ್ಟಿ ಕೊಟ್ಟು, ಅದರಲ್ಲಿ ಒಂದಕ್ಕೆ ಮಾತ್ರ ಗಡಿಯಾರ ನಿಲ್ಲುವ ಹಾಗೆ ಮಾಡಿದ್ದರು. ಎಲ್ಲ ಕಷ್ಟಗಳೂ ಆ ಒಂದರ ಹೆಸರಲ್ಲೇ ಬಂದು ಬಿದ್ದಿದ್ದವು. ಈಗ ಯಾವ ರಿಪೋರ್ಟ್ ಕೈಗೆ ಬಂದರೂ ನಾನು ಮೊದಲು ಹುಡುಕುವುದು ಇದನ್ನೇ. ಈ ಮಾತನ್ನು ಬರೆದವರು ಯಾರು, ಎಲ್ಲಿ ನಿಂತು ಬರೆದರು, ಬೇರೆ ಏನಾದರೂ ಬರೆದಿದ್ದರೆ ಅವರಿಗೆ ಏನು ನಷ್ಟ ಆಗುತ್ತಿತ್ತು?

ಆ ಮೂರು ದಿನದಲ್ಲಿ ನಾವು ಹೋದದ್ದು 22 ಮನೆ. ಕೆಲಸ ಆಗದೆ ಬಂದದ್ದು 7. ನಿಜವಾಗಿಯೂ ಬೀಗ ಹಾಕಿದ್ದು 1. ಗೇಟಿನಲ್ಲಿ ಬಿಡದೆ ವಾಪಸ್ ಬಂದದ್ದು 1. ಉಳಿದ ಐದೂ ಪಾರ್ಟ್ ಇಲ್ಲದೆ.

ಹಾಗಾದರೆ ಪಾರ್ಟ್ ಬ್ಯಾಗಿನಲ್ಲಿ ಏಕಿಲ್ಲ? ಇದಕ್ಕೆ ಡಿಪೋದ ಸ್ಟೋರ್ಸ್‌ಗೆ ಹೋಗಬೇಕಾಯಿತು. ಅಲ್ಲಿದ್ದ ಹಿರಿಯರು ಒಂದು ಹಳೆಯ ಸರ್ಕ್ಯುಲರ್ ತೆಗೆದು ತೋರಿಸಿದರು. “ನೋಡಮ್ಮಾ, ಆವಾಗ ಮೆಂಬ್ರೇನ್ ಕಳುವಾಗ್ತಿತ್ತು. ಅದಕ್ಕೇ ಈ ರೂಲು.” ಸೆಡಿಮೆಂಟ್ ಫಿಲ್ಟರ್, ಕಾರ್ಬನ್ ಫಿಲ್ಟರ್, ಪೈಪು, ಕನೆಕ್ಟರ್ ಇವೆಲ್ಲ ದಿನಾ ಬ್ಯಾಗಿನಲ್ಲಿ ಇರಬಹುದು. ಮೆಂಬ್ರೇನ್, ಪಂಪ್ ಮಾತ್ರ ಕಾಲ್‌ನಲ್ಲಿ ಹೆಸರು ಹಾಕಿದ್ದರೆ ಕೊಡಬೇಕು. ರೂಲು ಸರಿಯಾಗಿಯೇ ಇದೆ ಅಲ್ವಾ? ಆದರೆ ಕಾಲ್ ಸೆಂಟರ್‌ನಲ್ಲಿ ಬರೆಯುವುದು ಬರೀ ‘ನೀರು ಬರ್ತಿಲ್ಲ’ ಅಂತ. ನೀರು ಬರದಿರಲು ಮೆಂಬ್ರೇನ್ ಕಟ್ಟಿರಬಹುದು, ಪಂಪ್ ಕೆಟ್ಟಿರಬಹುದು, ಅಡಾಪ್ಟರ್ ಸುಟ್ಟಿರಬಹುದು, ಮೇಲಿನ ಟ್ಯಾಂಕಿನಲ್ಲೇ ನೀರು ಇಲ್ಲದಿರಬಹುದು. ಯಾವ ಪಾರ್ಟಿನ ಹೆಸರೂ ಇಲ್ಲದ ಕಾಲ್‌ಗೆ ಸ್ಟೋರ್ಸ್‌ನವರು ಮೆಂಬ್ರೇನ್ ಕೊಡುವ ಹಾಗಿಲ್ಲ.

ಇನ್ನೊಂದು ವಿಷಯ ನನ್ನನ್ನು ಜಾಸ್ತಿ ಕಾಡಿತು. ಬ್ಯಾಗಿನ ಪಟ್ಟಿ ಇಡೀ ಬೆಂಗಳೂರಿಗೆ ಒಂದೇ. ಹಳೆಯ ಬಡಾವಣೆ ಜಯನಗರದ ಟೆಕ್ನಿಷಿಯನ್‌ಗೂ ಅದೇ, ಊರಂಚಿನ ವರ್ತೂರಿನವರಿಗೂ ಅದೇ. ಈ ಊರಿನ ನೀರು ಒಂದೇ ಆಗಿದ್ದರೆ ಸರಿ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಪಂಪ್ ಆಗಿ ಬರುವ ಕಾವೇರಿ ನೀರು 1974ರ ಮೊದಲ ಹಂತದಿಂದ ಹಳೆಯ ಬಡಾವಣೆಗಳಿಗೆ ಸಿಗುತ್ತಿದೆ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳ ಕಡೆ ಇನ್ನೂ ಬೋರ್‌ವೆಲ್ ಮತ್ತು ಟ್ಯಾಂಕರೇ ಗತಿಯಾಗಿತ್ತು. ಗಡಸು ನೀರಿನಲ್ಲಿ ಮೆಂಬ್ರೇನ್ ಬೇಗ ಕಟ್ಟುತ್ತದೆ. ಅದೂ 2024ರ ಆ ಬೇಸಿಗೆ ಎಂಥದ್ದು ಅಂತ ಇಲ್ಲಿ ಇದ್ದವರಿಗೆ ಗೊತ್ತು. ಬೋರ್‌ವೆಲ್‌ಗಳು ಬತ್ತಿ, ಎಲ್ಲಿಂದಲೋ ತಂದ ಟ್ಯಾಂಕರ್ ನೀರು ದಿನಕ್ಕೊಂದು ಥರ ಇರುತ್ತಿತ್ತು. ಅಂಥ ಕಡೆ ನಮ್ಮ ಟೆಕ್ನಿಷಿಯನ್ ಜಯನಗರದ ಬ್ಯಾಗ್ ಹಿಡಿದು ಹೋಗುತ್ತಿದ್ದರು. ಪಿನ್‌ಕೋಡ್ ಪ್ರಕಾರ ಪಾರ್ಟ್ ಖರ್ಚಿನ ಲೆಕ್ಕ ತೆಗೆದಾಗ ಊರಿನ ನೀರಿನ ನಕ್ಷೆಯೇ ಎಕ್ಸೆಲ್‌ನಲ್ಲಿ ಮೂಡಿದ ಹಾಗಿತ್ತು. ಆ ಶೀಟನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ.

ಮುಖ್ಯಸ್ಥರ ಹತ್ತಿರ ಹೋಗಿ “ನೀವು ಕೇಳಿದ್ದು ತಪ್ಪು” ಅನ್ನಲಿಲ್ಲ. ಅವರಿಗೆ ಬೇಕಿದ್ದದ್ದು ವಾಪಸ್ ಬರುವ ಕಾಲ್ ಕಡಿಮೆಯಾಗುವುದು, ಅದು ನನಗೂ ಬೇಕಿತ್ತು. 22 ಮನೆಗಳ ಪಟ್ಟಿ ಮುಂದಿಟ್ಟು ಒಂದೊಂದೇ ಓದಿದೆ. ಕಾಡುಗೋಡಿಯ ಅಮ್ಮನ ಮನೆಗೆ ಬಂದಾಗ ಅವರು ಕೈ ತೋರಿಸಿ ನಿಲ್ಲಿಸಿದರು. “ಇದು ಎಷ್ಟು ದಿನದಿಂದ ನಡೀತಿದೆ?” ಅಂದರು. ಯಾವ ಟೆಕ್ನಿಷಿಯನ್ ಅಂತ ಮಾತ್ರ ಹೇಳಲಾರೆ ಅಂದೆ. ಅವರು ಒತ್ತಾಯ ಮಾಡಲಿಲ್ಲ. ಆ ಹೆಸರು ಹೊರಗೆ ಬಂದಿದ್ದರೆ ಮುಂದೆ ಯಾವ ಡಿಪೋದಲ್ಲೂ ಯಾರೂ ನನ್ನನ್ನು ಬೈಕ್ ಹತ್ತಿಸಿಕೊಳ್ಳುತ್ತಿರಲಿಲ್ಲ.

ಸಾಫ್ಟ್‌ವೇರ್ ಮುಟ್ಟದೆ ಹೂಡಿ ಡಿಪೋ ಒಂದರಲ್ಲೇ ನಾಲ್ಕು ವಾರ ಪ್ರಯೋಗ ಮಾಡಿದೆವು. ಕಾಲ್ ಸೆಂಟರ್‌ನ ಹುಡುಗಿಯರಿಗೆ ಒಂದು ಚೀಟಿ ಬರೆದುಕೊಟ್ಟೆ. ನಿಮ್ಮದು ಕಾವೇರಿಯಾ, ಬೋರ್‌ವೆಲ್ಲಾ, ಟ್ಯಾಂಕರಾ? ಮೆಷಿನ್ ಲೈಟ್ ಉರೀತಿದೆಯಾ? ಮೋಟಾರ್ ಸದ್ದು ಬರ್ತಿದೆಯಾ? ಮೂರೇ ಪ್ರಶ್ನೆ. ಲೈಟ್ ಇಲ್ಲ ಅಂದರೆ ಅಡಾಪ್ಟರ್ ಇಟ್ಟುಕೊಳ್ಳಬೇಕು. ಲೈಟ್ ಇದೆ, ಸದ್ದೂ ಇದೆ, ಬೋರ್‌ವೆಲ್ ನೀರು ಅಂದರೆ ಮೆಂಬ್ರೇನ್. ಲೈಟ್ ಇದ್ದು ಸದ್ದಿಲ್ಲ ಅಂದರೆ, ಟ್ಯಾಂಕಿನಲ್ಲಿ ನೀರಿದೆಯಾ ನೋಡಲು ಹೇಳಿ, ಆಮೇಲೆ ಪಂಪ್. ಈ ಲೆಕ್ಕವನ್ನು ನನಗೆ ಕಲಿಸಿದ್ದು ಅಣ್ಣನೇ. ಬೆಳಿಗ್ಗೆ ಕಾಲ್‌ಗಳ ಪಟ್ಟಿ ವಾಟ್ಸ್‌ಆಪ್ ಗುಂಪಿಗೆ ಬರುತ್ತಿತ್ತು, ಅದರ ಪ್ರಕಾರ ಸ್ಟೋರ್ಸ್‌ನವರು ಪಾರ್ಟ್ ಕೊಡುತ್ತಿದ್ದರು. ಹಳೆಯ ಮೆಂಬ್ರೇನ್ ಸಂಜೆ ತಂದು ಒಪ್ಪಿಸಬೇಕು, ಹೀಗಾಗಿ ಕಳುವಿನ ಭಯಕ್ಕೂ ಒಂದು ದಾರಿ ಆಯಿತು. ‘ಪಾರ್ಟ್ ಇಲ್ಲ’ ಅಂತ ಹಾಕಿದರೆ ಟೆಕ್ನಿಷಿಯನ್ ದುಡ್ಡು ಕಟ್ ಆಗುವುದಿಲ್ಲ ಅಂತ ಮುಖ್ಯಸ್ಥರೇ ಡಿಪೋಗೆ ಬಂದು ಹೇಳಿದರು.

ಎರಡನೇ ವಾರ ಗಾಬರಿಯಾಯಿತು. ‘ಪಾರ್ಟ್ ಇಲ್ಲ’ ಅನ್ನುವ ಸಂಖ್ಯೆ ಒಂದೇ ಸಲ ಏರಿತು. ಮೇಲಿನವರಿಂದ ಫೋನ್ ಬಂತು: “ನೀವು ಬಂದ ಮೇಲೆ ಜಾಸ್ತಿ ಆಗಿದೆಯಲ್ಲ!” ಜನ ನಿಜ ಬರೆಯಲು ಶುರು ಮಾಡಿದರೆ ಮೊದಲು ಹೀಗೇ ಆಗುತ್ತದೆ. ಇದನ್ನು ನಾನು ಮೊದಲೇ ಹೇಳಿಡಬೇಕಿತ್ತು. ಹೇಳಿರಲಿಲ್ಲ. ಆ ವಾರ ಪೂರ್ತಿ ‘ಪಾರ್ಟ್ ಇಲ್ಲ’, ‘ಮನೆಯಲ್ಲಿಲ್ಲ’ ಎರಡೂ ಕಾರಣಗಳನ್ನು ಕೂಡಿಸಿ ತೋರಿಸುತ್ತಾ ಕೂತೆ. ನಾಲ್ಕನೇ ವಾರದ ಹೊತ್ತಿಗೆ ವಾಪಸ್ ಬರುವ ಕಾಲ್ ಆ ಡಿಪೋದಲ್ಲಿ ಅರ್ಧಕ್ಕೆ ಇಳಿದಿತ್ತು. ಆಮೇಲೆ ಆಪ್ ಬದಲಾಯಿತು, ಬ್ಯಾಗಿನ ಪಟ್ಟಿ ಏರಿಯಾ ಪ್ರಕಾರ ಆಯಿತು. ಮುಖ್ಯಸ್ಥರು ಕೇಳಿದ್ದ ಮೆಸೇಜ್ ಕೂಡ ಬಂತು, ಒಂದೇ ಒಂದು, ಹೊರಡುವ ಮುಂಚೆ.

2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು. ಆ 110 ಹಳ್ಳಿಗಳ ಕಡೆಗೇ ಬಂದ ನೀರು ಅದು. ಕಾಲ್ ಸೆಂಟರ್‌ನ ಮೊದಲ ಪ್ರಶ್ನೆಗೆ ‘ಬೋರ್‌ವೆಲ್’ ಅನ್ನುತ್ತಿದ್ದ ಕೆಲವು ಪಿನ್‌ಕೋಡ್‌ಗಳಿಂದ ನಿಧಾನವಾಗಿ ‘ಕಾವೇರಿ’ ಅಂತ ಉತ್ತರ ಬರತೊಡಗಿತು. ಹಾಗಾಗಿ ಬ್ಯಾಗಿನ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ತಿದ್ದುತ್ತೇವೆ. ಇನ್ನು ಆ ಗೇಟಿನ ವಿಷಯ ಬಾಕಿ ಇದೆ. ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಸೆಕ್ಯುರಿಟಿಯವರು ಫೋನ್ ಮಾಡಿದಾಗ ಮನೆಯವರು ಆಫೀಸಿನ ಮೀಟಿಂಗ್‌ನಲ್ಲಿ ಇರುತ್ತಾರೆ, ಎತ್ತುವುದಿಲ್ಲ. ಒಳಗೆ ಅತ್ತೆಯೋ ಅಡುಗೆಯವರೋ ಇರುತ್ತಾರೆ, ಅವರ ನಂಬರ್ ನಮ್ಮ ಹತ್ತಿರ ಇಲ್ಲ. ಹೀಗೆ ಅಂತ ಟೆಕ್ನಿಷಿಯನ್‌ಗಳು ಹೇಳುತ್ತಾರೆ. ಮುಂದಿನ ಸೋಮವಾರದಿಂದ ಮೂರು ದಿನ ಕನಕಪುರ ರಸ್ತೆಯ ಒಂದು ಗೇಟಿನಲ್ಲಿ, ಸೆಕ್ಯುರಿಟಿಯವರ ಪಕ್ಕ ಒಂದು ಕುರ್ಚಿ ಕೇಳಿದ್ದೇನೆ. ಕೊಡುತ್ತೇವೆ ಅಂದಿದ್ದಾರೆ.